ಅಪ್‌ಗ್ರೇಡ್ ಆದ ಮೇಲೆ ವರ್ಚುವಲ್ ಮಷಿನ್‌ಗೆ ನೆಟ್‌ವರ್ಕ್ ಸಿಗದಿದ್ದರೆ: ನಾಲ್ಕು ದಾರಿಗಳ ಹೋಲಿಕೆ

ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್) ನಡೆಸುವ ತಂತ್ರಾಂಶಕ್ಕೆ ಹೊಸ ಆವೃತ್ತಿ ಹಾಕಿದ ಬೆನ್ನಲ್ಲೇ ಗೆಸ್ಟ್‌ಗಳ, ಅಂದರೆ ಆ ಒಳಗಿನ ಮಷಿನ್‌ಗಳ, ನೆಟ್‌ವರ್ಕ್ ಕೈಕೊಡುವುದು ಅಪರೂಪವೇನಲ್ಲ. ಆಗ ಕೇಳಿಬರುವ ಸಲಹೆಗಳು ಬಹುಮಟ್ಟಿಗೆ ನಾಲ್ಕೇ: ಹಳೆಯ ಆವೃತ್ತಿಗೆ ಮರಳಿ, ಪೂರ್ತಿ ಅಳಿಸಿ ಮತ್ತೆ ಹಾಕಿ, ವರ್ಚುವಲ್ ನೆಟ್‌ವರ್ಕ್‌ಗಳನ್ನು ಮೂಲಸ್ಥಿತಿಗೆ ತನ್ನಿ, ಬ್ರಿಡ್ಜ್ (ಗೆಸ್ಟನ್ನು ನೇರವಾಗಿ ಭೌತಿಕ ನೆಟ್‌ವರ್ಕ್‌ಗೆ ಜೋಡಿಸುವ ಸೇತುವೆ) ಬಿಟ್ಟು ನ್ಯಾಟ್‌ಗೆ (ಹೊರಗಿನ ಕಂಪ್ಯೂಟರಿನ ವಿಳಾಸದ ಮರೆಯಲ್ಲಿ ಗೆಸ್ಟ್ ಹೊರಹೋಗುವ ವಿಧಾನ) ಬನ್ನಿ. ವಿಂಡೋಸ್ ಹೋಸ್ಟ್‌ನಲ್ಲೂ ಲಿನಕ್ಸ್ ಹೋಸ್ಟ್‌ನಲ್ಲೂ (ಹೋಸ್ಟ್ ಎಂದರೆ ಗೆಸ್ಟನ್ನು ಹೊತ್ತ ನಿಜವಾದ ಕಂಪ್ಯೂಟರ್) ಈ ನಾಲ್ಕನ್ನೂ ಮಾಡಿ ನೋಡಿದ್ದೇನೆ. ನನ್ನ ಮತ ಕೊನೆಯದಕ್ಕೆ. ಅದು ರೋಗ ವಾಸಿ ಮಾಡುತ್ತದೆ ಎಂದಲ್ಲ, ರೋಗ ಎಲ್ಲಿದೆ ಎಂದು ಹೇಳುತ್ತದೆ ಎಂಬ ಕಾರಣಕ್ಕೆ.

ಹಳೆಯ ಆವೃತ್ತಿಗೆ ಮರಳುವ ಯೋಚನೆ ಎಲ್ಲರಿಗೂ ಮೊದಲು ಬರುತ್ತದೆ. ಅದರಿಂದ ನೆಟ್‌ವರ್ಕ್ ಸರಿಹೋಗುವುದೂ ಉಂಟು. ಆದರೆ ಹೊಸ ಆವೃತ್ತಿಯಲ್ಲಿ ಸ್ಥಿತಿ ಉಳಿಸಿ ನಿಲ್ಲಿಸಿದ ಮಷಿನ್ ಹಳೆಯದರಲ್ಲಿ ಮುಂದುವರಿಯುತ್ತದೆ ಎಂಬ ಭರವಸೆಯಿಲ್ಲ. ಇಂಥ ತಂತ್ರಾಂಶಗಳಲ್ಲೊಂದಾದ ವಿಎಂವೇರ್‌ನಲ್ಲಿ ಮಷಿನ್‌ನ ಹಾರ್ಡ್‌ವೇರ್ ಆವೃತ್ತಿಯನ್ನೂ ಏರಿಸಿಬಿಟ್ಟಿದ್ದರೆ ಹಳೆಯ ತಂತ್ರಾಂಶ ಅದನ್ನು ತೆರೆಯುವುದೇ ಇಲ್ಲ. ಲಿನಕ್ಸ್ ಹೋಸ್ಟ್‌ನ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಕೂಡ ಈ ನಡುವೆ ಬದಲಾಗಿದ್ದರಂತೂ ಹಳೆಯ ಮಾಡ್ಯೂಲ್‌ಗಳು (ಕರ್ನಲ್‌ಗೆ ಸೇರಿಸುವ ತುಣುಕುಗಳು) ಅದಕ್ಕೆ ಕಂಪೈಲ್ ಆಗದೆ ಹೋಗಬಹುದು. ಆಗ ನೆಟ್‌ವರ್ಕ್ ಇಲ್ಲದಿರುವುದಿರಲಿ, ಮಷಿನ್ ಏಳುವುದೇ ಇಲ್ಲ. ನಾಳೆ ಬೆಳಿಗ್ಗೆಯೊಳಗೆ ಕೆಲಸ ಮುಗಿಯಲೇಬೇಕು ಎಂಬಂಥ ಇಕ್ಕಟ್ಟಿಗೆ ಮಾತ್ರ ಈ ದಾರಿ.

ಅಳಿಸಿ ಮತ್ತೆ ಹಾಕುವುದು ನೆಗಡಿಗೆ ಮೂಗು ಕೊಯ್ದ ಹಾಗೆ. ವಿಂಡೋಸ್‌ನಲ್ಲಿ ಹಳೆಯ ವರ್ಚುವಲ್ ಅಡಾಪ್ಟರ್‌ಗಳ ಅವಶೇಷ ಉಳಿದುಕೊಂಡಿದ್ದರೆ ಇದರಿಂದ ಪ್ರಯೋಜನವಿದೆ. ಲಿನಕ್ಸ್‌ನಲ್ಲಿ ಮಾಡ್ಯೂಲ್‌ಗಳನ್ನಷ್ಟೇ ಮತ್ತೆ ಕಟ್ಟಿದರೆ ಸಾಕಾಗುತ್ತದೆ. ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶವನ್ನಷ್ಟೇ ಒಪ್ಪುವ ಭದ್ರತಾ ವ್ಯವಸ್ಥೆ) ಚಾಲೂ ಇದ್ದಲ್ಲಿ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಷ್ಟು ಸಲ ಮರುಸ್ಥಾಪಿಸಿದರೂ ಅಷ್ಟೇ.

ಮೂಲಸ್ಥಿತಿಗೆ ತರುವುದು ಇವೆರಡಕ್ಕಿಂತ ವಾಸಿ. ಒಂದು ಗುಂಡಿ ಒತ್ತಿದರೆ ಅಡಾಪ್ಟರ್, ಡಿಎಚ್‌ಸಿಪಿ (ವಿಳಾಸ ಹಂಚುವ ಸೇವೆ) ಎಲ್ಲ ಹೊಸದಾಗಿ ಹುಟ್ಟುತ್ತವೆ. ಆದರೆ ನೀವು ಕಷ್ಟಪಟ್ಟು ಬರೆದಿಟ್ಟ ಪೋರ್ಟ್ ಫಾರ್ವರ್ಡಿಂಗ್ ನಿಯಮಗಳು (ಹೊರಗಿನ ಸಂಪರ್ಕವನ್ನು ಗೆಸ್ಟ್‌ಗೆ ದಾಟಿಸುವಂಥವು) ಅಳಿಸಿಹೋಗಬಹುದು, ಸಬ್‌ನೆಟ್ (ವಿಳಾಸಗಳ ಸಾಲು) ಬದಲಾಗಬಹುದು. ಒತ್ತುವ ಮೊದಲು ಹಳೆಯ ವಿವರಗಳ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಇಂಥದ್ದೇ ಮತ್ತೊಂದು ತಂತ್ರಾಂಶ ವರ್ಚುವಲ್‌ಬಾಕ್ಸ್‌ನಲ್ಲಿ ಇನ್ನೊಂದು ತೊಡಕಿದೆ. 6.1.28ರಿಂದ ಈಚೆಗೆ ಲಿನಕ್ಸ್ ಮತ್ತು ಮ್ಯಾಕ್ ಹೋಸ್ಟ್‌ಗಳಲ್ಲಿ ಹೋಸ್ಟ್-ಓನ್ಲಿ ನೆಟ್‌ವರ್ಕ್‌ಗೆ (ಹೋಸ್ಟ್ ಮತ್ತು ಗೆಸ್ಟ್‌ಗಳ ನಡುವೆ ಮಾತ್ರ ಇರುವಂಥದ್ದು) 192.168.56.0ಯಿಂದ 192.168.63.255ರವರೆಗಿನ ವಿಳಾಸಗಳಷ್ಟೇ ಸಲ್ಲುತ್ತವೆ. ಮೊದಲು 10ರಿಂದ ಶುರುವಾಗುವ ವಿಳಾಸ ಕೊಟ್ಟುಕೊಂಡಿದ್ದವರು ಅದೇ ವಿಳಾಸದಲ್ಲಿ ನೆಟ್‌ವರ್ಕನ್ನು ಮರುಸೃಷ್ಟಿಸಲು ಹೋದರೆ ದೋಷದ ಸಂದೇಶ ಬರುತ್ತದೆ. ಬೇಕಾದ ವ್ಯಾಪ್ತಿಯನ್ನು ಅದರ ನೆಟ್‌ವರ್ಕ್ಸ್ ಕಾನ್ಫ್ ಕಡತದಲ್ಲಿ ಬರೆದರೆ ಸರಿಹೋಗುತ್ತದೆ.

ಇನ್ನು ನಾಲ್ಕನೆಯದು, ಬ್ರಿಡ್ಜ್‌ನಿಂದ ನ್ಯಾಟ್‌ಗೆ ಮೋಡ್ ಬದಲಿಸುವ ಮಾತು. ವರ್ಚುವಲ್‌ಬಾಕ್ಸ್‌ನ ಸಾಮಾನ್ಯ ನ್ಯಾಟ್ ಹೋಸ್ಟ್‌ನ ಪ್ಯಾಕೆಟ್-ಫಿಲ್ಟರ್ ಡ್ರೈವರನ್ನು (ಪ್ಯಾಕೆಟ್ ಎಂದರೆ ನೆಟ್‌ವರ್ಕ್‌ನಲ್ಲಿ ಸಾಗುವ ದತ್ತಾಂಶದ ತುಣುಕು) ನೆಚ್ಚಿಕೊಂಡಿಲ್ಲ. ಮಷಿನ್ ನಡೆಸುವ ಪ್ರಕ್ರಿಯೆಯೇ ಆ ಕೆಲಸವನ್ನೂ ಮಾಡುತ್ತದೆ. ಬ್ರಿಡ್ಜ್‌ಗೆ ಮಾತ್ರ ಭೌತಿಕ ನೆಟ್‌ವರ್ಕ್ ಕಾರ್ಡಿಗೆ ಅಂಟಿಕೊಂಡ ಡ್ರೈವರ್ ಬೇಕೇ ಬೇಕು. ಹೀಗಾಗಿ ನ್ಯಾಟ್‌ನಲ್ಲಿ ಗೆಸ್ಟ್‌ಗೆ 10.0.2.15 ವಿಳಾಸ ಬಂದು, ವೆಬ್ ಪುಟ ತೆರೆದುಕೊಂಡು, ಬ್ರಿಡ್ಜ್‌ನಲ್ಲಿ ಮಾತ್ರ 169.254ರಿಂದ ಶುರುವಾಗುವ (ಡಿಎಚ್‌ಸಿಪಿಯಿಂದ ಉತ್ತರ ಬರದಾಗ ಗೆಸ್ಟ್ ತಾನೇ ಹಾಕಿಕೊಳ್ಳುವ) ವಿಳಾಸ ಕುಳಿತಿದ್ದರೆ ಗೆಸ್ಟ್ ನಿರ್ದೋಷಿ. ತಪ್ಪು ಹೋಸ್ಟ್‌ನ ಸೇತುವೆಯದು. ಎರಡರಲ್ಲೂ ಸೊನ್ನೆಯಾದರೆ ಮೊದಲು ಗೆಸ್ಟ್ ಒಳಗೆ ಹುಡುಕಿ. ಇಷ್ಟು ತಿಳಿಯಲು ಒಂದು ಮೆನು, ಒಂದು ರೀಬೂಟ್ ಸಾಕು. ಒಂದು ಎಚ್ಚರಿಕೆ: ನ್ಯಾಟ್‌ನಲ್ಲಿ ಪಿಂಗ್ ನಂಬಬೇಡಿ. ಕೆಲವು ತಂತ್ರಾಂಶಗಳ ನ್ಯಾಟ್ ಐಸಿಎಂಪಿಯನ್ನು (ಪಿಂಗ್ ಬಳಸುವ ನಿಯಮಾವಳಿ) ದಾಟಿಸುವುದೇ ಇಲ್ಲ. ವೆಬ್ ಪುಟ ತೆರೆದು ನೋಡಿ. ವಿಎಂವೇರ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ನ್ಯಾಟ್‌ಗೂ ಡಿಎಚ್‌ಸಿಪಿಗೂ ಹೋಸ್ಟ್‌ನಲ್ಲಿ ಪ್ರತ್ಯೇಕ ಸೇವೆಗಳಿವೆ. ನ್ಯಾಟ್ ಸತ್ತಿದ್ದರೆ ಗೆಸ್ಟನ್ನು ದೂರುವ ಮೊದಲು ಆ ಸೇವೆಗಳು ಓಡುತ್ತಿವೆಯೇ ನೋಡಬೇಕು.

ಬ್ರಿಡ್ಜ್ ಕೆಟ್ಟ ಒಂದು ವಿಂಡೋಸ್ ಹೋಸ್ಟ್‌ನಲ್ಲಿ ನಾನು ನೋಡಿದ್ದು ಇದು. ಗೆಸ್ಟ್ ಒಳಗೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಸಾಧನ) ಹಾಕಿದರೆ ಡಿಎಚ್‌ಸಿಪಿ ಡಿಸ್ಕವರ್, ಅಂದರೆ ವಿಳಾಸ ಕೇಳುವ, ಸಾಲುಗಳು ಒಂದರ ಹಿಂದೊಂದು ಹೊರಡುತ್ತಿವೆ, ಉತ್ತರವಾಗಿ ವಿಳಾಸ ಕೊಡುವ ಒಂದು ಆಫರ್ ಕೂಡ ಇಲ್ಲ. ಅದೇ ಹೊತ್ತಿಗೆ ಹೋಸ್ಟ್‌ನ ಭೌತಿಕ ಕಾರ್ಡಿನ ಮೇಲೆ ಅಂಥದ್ದೇ ಸಾಧನ ವೈರ್‌ಶಾರ್ಕ್ ಹಾಕಿದರೆ ಆ ಡಿಸ್ಕವರ್‌ಗಳ ಸುಳಿವೇ ಇಲ್ಲ. ಅಂದರೆ ಪ್ಯಾಕೆಟ್ ತಂತಿಯವರೆಗೂ ತಲುಪಿಲ್ಲ. ರೌಟರನ್ನು ಬಯ್ದು ಫಲವಿಲ್ಲ. ಕಾರ್ಡಿನ ಪ್ರಾಪರ್ಟೀಸ್ ತೆರೆದರೆ ಬ್ರಿಡ್ಜ್ ಡ್ರೈವರ್‌ನ ಹೆಸರು ಪಟ್ಟಿಯಲ್ಲಿದೆ, ಮುಂದಿನ ಚೌಕ ಖಾಲಿಯಿದೆ. ಟಿಕ್ ಹಾಕಿದೊಡನೆ ವಿಳಾಸ ಬಂತು. ಚೌಕ ಸರಿಯಿದ್ದೂ ಹೀಗಾದರೆ ಸೇತುವೆ ಯಾವ ಕಾರ್ಡಿಗೆ ಕಟ್ಟಿದೆ ಎಂದು ನೋಡಿ. 'ಆಟೊಮ್ಯಾಟಿಕ್' ಎಂದು ಬಿಟ್ಟಿದ್ದರೆ ಅದು ವಿಪಿಎನ್‌ನ ಸುಳ್ಳು ಕಾರ್ಡನ್ನು ಹಿಡಿದುಕೊಂಡು ಕುಳಿತಿರಬಹುದು. ಕಾರ್ಡಿನ ಹೆಸರನ್ನು ನಾವೇ ಆರಿಸಿಡುವುದು ಮೇಲು. ವೈಫೈ ಮೇಲಿನ ಬ್ರಿಡ್ಜ್ ಬಗ್ಗೆ ನನಗೆ ಮೊದಲಿನಿಂದಲೂ ಒಲವಿಲ್ಲ: ಆಕ್ಸೆಸ್ ಪಾಯಿಂಟ್ ತನ್ನೊಡನೆ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಪ್ಯಾಕೆಟ್‌ಗಳನ್ನಷ್ಟೇ ಒಪ್ಪುತ್ತದೆ, ಗೆಸ್ಟ್‌ನ ವಿಳಾಸ ಅದಕ್ಕೆ ಅಪರಿಚಿತ. ತಂತ್ರಾಂಶ ಒಳಗೊಳಗೇ ವಿಳಾಸ ಬದಲಿಸಿ ಹೇಗೋ ನಿಭಾಯಿಸುತ್ತದೆ. ಅಂಥ ಕಸರತ್ತು ಅಪ್‌ಗ್ರೇಡ್‌ನಲ್ಲಿ ಮುರಿದರೆ ಆಶ್ಚರ್ಯವಿಲ್ಲ.

ಲಿನಕ್ಸ್‌ನಲ್ಲಿ ಲಿಬ್‌ವರ್ಟ್ (ವರ್ಚುವಲ್ ಮಷಿನ್‌ಗಳನ್ನು ನಿರ್ವಹಿಸುವ ತಂತ್ರಾಂಶ) ಬಳಸುವವರಿಗೆ ಈ ಪರೀಕ್ಷೆ ಪೂರ್ತಿ ಒದಗುವುದಿಲ್ಲ. ಅಲ್ಲಿ ಗೆಸ್ಟ್‌ಗೆ 192.168.122ರ ಸಾಲಿನ ವಿಳಾಸ ಸರಿಯಾಗಿಯೇ ಸಿಕ್ಕಿರುತ್ತದೆ, ಹೊರಗೆ ಮಾತ್ರ ಹೋಗಲಾಗುವುದಿಲ್ಲ. 10.4 ಆವೃತ್ತಿಯಿಂದ ಅದು ತನ್ನ ಫೈರ್‌ವಾಲ್ ನಿಯಮಗಳನ್ನು ಎನ್‌ಎಫ್‌ಟೇಬಲ್ಸ್‌ನಲ್ಲಿ (ಐಪಿಟೇಬಲ್ಸ್ ಎಂಬ ಹಳೆಯ ಫೈರ್‌ವಾಲ್ ಸಾಧನದ ಜಾಗಕ್ಕೆ ಬಂದದ್ದು) ಬರೆಯಬಲ್ಲದು. ಅದೇ ಹೋಸ್ಟ್‌ನಲ್ಲಿ ಕಂಟೇನರ್ ತಂತ್ರಾಂಶವೊಂದು ಐಪಿಟೇಬಲ್ಸ್‌ನ ಫಾರ್ವರ್ಡ್ ಸರಪಳಿಯ (ಹೋಸ್ಟ್ ಮೂಲಕ ಹಾದುಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿ) ಮೂಲನೀತಿಯನ್ನು ಡ್ರಾಪ್ (ಬಿಸಾಡು) ಎಂದು ಇಟ್ಟಿದ್ದರೆ ಕತೆ ಮುಗಿಯಿತು: ಒಂದು ಕೋಷ್ಟಕದಲ್ಲಿ ಒಪ್ಪಿಗೆ ಸಿಕ್ಕ ಪ್ಯಾಕೆಟ್ ಮತ್ತೊಂದರಲ್ಲಿ ಸಾಯುತ್ತದೆ. ಮೊದಲು ಎರಡೂ ಒಂದೇ ಕಡೆ ನಿಯಮ ಬರೆಯುತ್ತಿದ್ದುದರಿಂದ ಲಿಬ್‌ವರ್ಟ್‌ನ ಒಪ್ಪಿಗೆ ನಡೆಯುತ್ತಿತ್ತು. ಅದರ ನೆಟ್‌ವರ್ಕ್ ಕಾನ್ಫ್ ಕಡತದಲ್ಲಿ ಫೈರ್‌ವಾಲ್ ಬ್ಯಾಕೆಂಡ್ ಅನ್ನು ಐಪಿಟೇಬಲ್ಸ್‌ಗೆ ತಿರುಗಿಸಿ ಸೇವೆಯನ್ನು ಮರುಪ್ರಾರಂಭಿಸಬಹುದು. ಆವೃತ್ತಿ ಹಿಂದಕ್ಕೆ ತರುವ ಅಗತ್ಯವಿಲ್ಲ.

ಎರಡು ಮೋಡ್‌ಗಳಲ್ಲೂ ನೆಟ್‌ವರ್ಕ್ ಇಲ್ಲವೆಂದಾದರೆ ಗೆಸ್ಟ್‌ನ ಕಾರ್ಡಿಗೆ ಈಗ ಯಾವ ಹೆಸರಿದೆ ಎಂದು ನೋಡಿ. ಲಿನಕ್ಸ್ ಗೆಸ್ಟ್‌ಗಳಲ್ಲಿ ಆ ಹೆಸರು ಪಿಸಿಐ ಸ್ಲಾಟ್‌ನ ಆಧಾರದ ಮೇಲೆ ಬರುತ್ತದೆ. ಅಪ್‌ಗ್ರೇಡ್ ಜತೆಗೆ ಕಾರ್ಡಿನ ಬಗೆಯೋ ಮಷಿನ್‌ನ ಮಾದರಿಯೋ ಬದಲಾದರೆ ಇಎನ್‌ಎಸ್33 ಇದ್ದದ್ದು ಇಎನ್‌ಎಸ್160 ಆಗಿರುತ್ತದೆ. ನೆಟ್‌ಪ್ಲಾನ್ ಕಡತ (ಗೆಸ್ಟ್‌ನ ನೆಟ್‌ವರ್ಕ್ ಹೊಂದಿಕೆಗಳನ್ನು ಬರೆದಿಡುವಂಥದ್ದು) ಮಾತ್ರ ಇಲ್ಲದ ಹಳೆಯ ಹೆಸರನ್ನೇ ಕಾಯುತ್ತಿರುತ್ತದೆ. ಹೆಸರು ತಿದ್ದಿದರೆ ಈ ಸಲಕ್ಕೆ ಆಯಿತು. ಮ್ಯಾಕ್ ವಿಳಾಸ ಕೊಟ್ಟು ಗುರುತಿಸುವಂತೆ ಬರೆದರೆ ಮುಂದಿನ ಸಲಕ್ಕೂ ಆಯಿತು. ಆ ಮಷಿನ್ನನ್ನು ಕ್ಲೋನ್ (ನಕಲು) ಮಾಡುವಾಗ ಹೊಸ ಮ್ಯಾಕ್ ವಿಳಾಸ ಹುಟ್ಟುವುದರಿಂದ ಪ್ರತಿಯ ಕಡತವನ್ನು ಮಾತ್ರ ಮತ್ತೆ ತಿದ್ದಬೇಕಾಗುತ್ತದೆ.