ತೋಟದ ಕಂಪ್ಯೂಟರಿಗೆ ಊರಿನಿಂದಲೇ ದಾರಿ: ಅಪಾಚೆ ಗ್ವಾಕಮೋಲೆ ಬಳಸಿ ಕಂಡದ್ದು

ಚಿಕ್ಕಮಗಳೂರಿನಲ್ಲಿ ಇದ್ದುಕೊಂಡು ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳ ಕಚೇರಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಟ್ಯಾಲಿ ಲೆಕ್ಕ, ಆಳುಗಳ ಹಾಜರಿ, ವಾರದ ಬಟವಾಡೆಯ ಪಟ್ಟಿ ಎಲ್ಲವೂ ಆ ಕಂಪ್ಯೂಟರುಗಳಲ್ಲೇ ಇರುವುದರಿಂದ, ಬಟವಾಡೆಯ ಹಿಂದಿನ ಸಂಜೆ ಏನಾದರೂ ಕೆಟ್ಟರೆ ಮರುದಿನ ಸಂತೆಗೆ ಹೊರಟ ಕೂಲಿಯವರ ಕೈಗೆ ಹಣ ಸೇರುವುದು ತಡವಾಗುತ್ತದೆ. ಆಷಾಢದ ಮಳೆಯಲ್ಲಿ ಕೊಟ್ಟಿಗೆಹಾರದ ಆಚೆಗೆ ರಾತ್ರಿ ಹೋಗಿಬರುವುದು ಸುಲಭದ ಮಾತಲ್ಲ. ಆದ್ದರಿಂದ ದೂರದಿಂದಲೇ ಕಂಪ್ಯೂಟರ್ ನಡೆಸುವ ವ್ಯವಸ್ಥೆ ನನಗೆ ಅನ್ನದಷ್ಟೇ ಅಗತ್ಯ.

ಮೊದಲು ಹಲವರು ಮಾಡುವಂತೆ ವಿಂಡೋಸ್ ಕಂಪ್ಯೂಟರನ್ನು ದೂರದಿಂದ ನಡೆಸುವ ಆರ್‌ಡಿಪಿ ವ್ಯವಸ್ಥೆಯ ಬಾಗಿಲಾದ 3389ನೇ ಪೋರ್ಟನ್ನು ರೂಟರಿನಲ್ಲಿ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವ ಪದ್ಧತಿ ನಮ್ಮಲ್ಲಿಯೂ ಇತ್ತು. ಹೀಗೆ ತೆರೆದಿಟ್ಟಿದ್ದ ಒಂದು ಕಚೇರಿಯಲ್ಲಿ ಒಂದು ಬೆಳಿಗ್ಗೆ ಮೂರು ವರ್ಷದ ಲೆಕ್ಕದ ಕಡತಗಳಿಗೆಲ್ಲ ಬೀಗ ಬಿದ್ದಿದ್ದನ್ನು, ಪರದೆಯ ಮೇಲೆ ಹಣ ಕೇಳುವ ಬರಹ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2019ರ ಮೇ ತಿಂಗಳಿನಲ್ಲಿ ಆರ್‌ಡಿಪಿಯಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಿದ್ದಾಗ, ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಕೊಟ್ಟಿತ್ತು ಎಂದರೆ ಈ ಬಾಗಿಲು ಎಷ್ಟು ಅಪಾಯದ್ದು ಎಂದು ತಿಳಿಯಬಹುದು.

ಈಗ ನಾನು ಬಳಸುತ್ತಿರುವುದು ಅಪಾಚೆ ಗ್ವಾಕಮೋಲೆ. ಇದು ದೂರದ ಕಂಪ್ಯೂಟರಿನ ಪರದೆಯನ್ನು ಬ್ರೌಸರಿನಲ್ಲೇ ತೋರಿಸಿ ನಡೆಸಲು ಬಿಡುವ ಉಚಿತ, ಮುಕ್ತ ತಂತ್ರಾಂಶ. 2017ರಿಂದ ಅಪಾಚೆ ಪ್ರತಿಷ್ಠಾನದ ಪೂರ್ಣ ಯೋಜನೆ. ಬಾಡಿಗೆಗೆ ಪಡೆದ 2 ಜಿಬಿ ಮೆಮೊರಿಯ ಒಂದು ಕ್ಲೌಡ್ ಸರ್ವರಿನಲ್ಲಿ ಇದನ್ನು ಕೂರಿಸಿದ್ದೇನೆ. ನನ್ನ ಕಡೆ ಬೇಕಾಗಿರುವುದು ಬ್ರೌಸರ್ ಒಂದೇ. ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಮೊಬೈಲಿನಲ್ಲೂ ನಡೆಯುತ್ತದೆ. ಆದರೆ ನಮ್ಮ ಮಲೆನಾಡಿನ ತೋಟಗಳಲ್ಲಿ ಹೆಚ್ಚಿನ ಕಡೆ ಇರುವುದು ಸಿಮ್ ಹಾಕಿದ ರೂಟರ್, ಅದರ ಇಂಟರ್ನೆಟ್ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ, ಹಾಗಾಗಿ ಹೊರಗಿನಿಂದ ಅಲ್ಲಿಗೆ ತಲುಪುವ ದಾರಿಯೇ ಇರುವುದಿಲ್ಲ. ಗ್ವಾಕಮೋಲೆ ತಾನಾಗಿ ಈ ತೊಡಕನ್ನು ಬಿಡಿಸುವುದಿಲ್ಲ. ಅದಕ್ಕೆ ಎರಡು ಕಂಪ್ಯೂಟರುಗಳ ನಡುವೆ ಗುಪ್ತ ದಾರಿ (ವಿಪಿಎನ್) ಕಟ್ಟುವ ವೈರ್‌ಗಾರ್ಡನ್ನು ಜೊತೆಗೂಡಿಸಿದ್ದೇನೆ: ತೋಟದ ಕಂಪ್ಯೂಟರೇ ಹೊರಟು ಕ್ಲೌಡ್ ಸರ್ವರನ್ನು ಸಂಪರ್ಕಿಸುತ್ತದೆ, 25 ಸೆಕೆಂಡಿಗೊಮ್ಮೆ ಸಣ್ಣದೊಂದು ಪ್ಯಾಕೆಟ್ ಕಳಿಸಿ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ತೋಟದ ರೂಟರಿನಲ್ಲಿ ಒಂದು ಪೋರ್ಟನ್ನೂ ತೆರೆಯಬೇಕಾಗಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟಿರುವುದು ಇದೇ.

ಬಳಕೆಯಲ್ಲಿ ಗಮನಿಸಲೇಬೇಕಾದ ಒಂದು ವಿಷಯವಿದೆ. ಆರ್‌ಡಿಪಿ ಮೂಲಕ ಒಳಹೊಕ್ಕರೆ ಅಲ್ಲಿನ ಪರದೆಗೆ ಬೀಗ ಬೀಳುತ್ತದೆ. ತೋಟದ ಲೆಕ್ಕ ಬರೆಯುವ ರೈಟರಿಗೆ ನಾನು ಮಾಡುತ್ತಿರುವುದು ಕಾಣುವುದಿಲ್ಲ. ಅದೂ ಅಲ್ಲದೆ ವಿಂಡೋಸ್ ಹೋಮ್ ಆವೃತ್ತಿಯ ಕಂಪ್ಯೂಟರ್ ಆರ್‌ಡಿಪಿ ಸಂಪರ್ಕವನ್ನು ಒಪ್ಪಿಕೊಳ್ಳುವುದೇ ಇಲ್ಲ, ಪ್ರೊ ಬೇಕು. ಪರದೆ ಹಂಚಿಕೊಳ್ಳುವ ಇನ್ನೊಂದು ವಿಧಾನವಾದ ವಿಎನ್‌ಸಿ ಇಟ್ಟುಕೊಂಡರೆ ಇಬ್ಬರೂ ಒಂದೇ ಪರದೆಯನ್ನು ನೋಡಬಹುದು. ಕಳೆದ ಜುಲೈನಲ್ಲಿ ಹೊಸದಾಗಿ ಸೇರಿದ್ದ ರೈಟರೊಬ್ಬರು ಫೋನ್ ಮಾಡಿ, ‘ಸಾರ್, ಹಾಜರಿ ಹಾಕಿದ್ದೇನೆ, ಆದರೆ ಮೊತ್ತ ಸೊನ್ನೆ ತೋರಿಸ್ತಿದೆ’ ಎಂದರು. ವಿಎನ್‌ಸಿಯಲ್ಲಿ ಹೊಕ್ಕು ನೋಡಿದರೆ ಕೂಲಿದರದ ಅಂಕಣದಲ್ಲಿ ಅಂಕಿಯ ಹಿಂದೆ ಒಂದು ಖಾಲಿ ಜಾಗ ಸೇರಿಕೊಂಡು ಅದು ಅಕ್ಷರವಾಗಿಬಿಟ್ಟಿತ್ತು. ಮೌಸಿನ ಬಾಣವನ್ನು ಅಲ್ಲಿಗೆ ಒಯ್ದು ನಿಲ್ಲಿಸಿದೆ. ಅವರೇ ಅಳಿಸಿದರು, ಮೊತ್ತ ಬಂತು. ಅದೇ ತಪ್ಪು ಮತ್ತೆ ಆದಾಗ ಅವರು ನನ್ನನ್ನು ಕರೆಯಲಿಲ್ಲ.

ಕನ್ನಡ ಬರೆಯುವಾಗ ಎರಡೂ ಕಡೆ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ ಚಾಲೂ ಇದ್ದರೆ ಅಕ್ಷರಗಳು ಕಲಸಿಹೋಗುತ್ತವೆ. ನನ್ನ ಕಡೆಯದನ್ನು ನಿಲ್ಲಿಸಿ, ಸಂಪರ್ಕದ ಕೀಲಿಮಣೆಯನ್ನು ಅಮೆರಿಕನ್ ಇಂಗ್ಲಿಷ್ ಎಂದು ಹೊಂದಿಸಿ, ತೋಟದ ಕಂಪ್ಯೂಟರಿನ ನುಡಿಗೇ ಕೆಲಸ ಬಿಟ್ಟರೆ ಸರಿಯಾಗಿ ಮೂಡುತ್ತದೆ. ಸಿಗ್ನಲ್ ದುರ್ಬಲವಾದಾಗ ಬಣ್ಣವನ್ನು 16 ಬಿಟ್ಟಿಗೆ ಇಳಿಸಿದರೆ ಪರದೆ ಸರಾಗವಾಗುತ್ತದೆ. ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ತಾನೇ ಆನ್ ಆಗುವಂತೆ ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗಿನಲ್ಲಿ) ಒಂದು ಬಾರಿ ಹೊಂದಿಸಿಡುವುದು ನಮ್ಮ ಕಡೆಯವರು ಮರೆಯಬಾರದ ಕೆಲಸ.

ಕೊರತೆ ಇರುವುದು ಸ್ಥಾಪನೆಯಲ್ಲಿ. ಲಿನಕ್ಸ್ ಮತ್ತು ಸರ್ವರಿನಲ್ಲಿ ತಂತ್ರಾಂಶ ಕೂರಿಸಿ ನಡೆಸಲು ಬಳಸುವ ಡಾಕರ್ ಪರಿಚಯವಿಲ್ಲದವರಿಗೆ ಇದು ಕಷ್ಟ. ಒಂದೆರಡು ಕಂಪ್ಯೂಟರ್ ಮಾತ್ರ ಇರುವವರಿಗೆ ಸಿದ್ಧ ಸೇವೆಗಳೇ ಸಾಕು. ಹಲವು ತೋಟಗಳನ್ನು ನೋಡಿಕೊಳ್ಳುವವರಿಗೆ ಮಾತ್ರ ಈ ಶ್ರಮ ಖಂಡಿತ ಸಾರ್ಥಕ, ಏಕೆಂದರೆ ಪ್ರತಿ ಮಾಲೀಕರಿಗೂ ಅವರ ತೋಟದ ಕಂಪ್ಯೂಟರ್ ಮಾತ್ರ ಕಾಣುವಂತೆ ಅನುಮತಿ ಕೊಡಬಹುದು, ಯಾರು ಯಾವಾಗ ಒಳಬಂದರು ಎಂಬುದೂ ದಾಖಲಾಗಿರುತ್ತದೆ. ಹಾಕಿಕೊಳ್ಳುವವರು ಮೊದಲ ದಿನವೇ, ಎಲ್ಲರಿಗೂ ಗೊತ್ತಿರುವ ‘ಗ್ವಾಕ್‌ಅಡ್ಮಿನ್’ ಖಾತೆಯನ್ನು ತೆಗೆದುಹಾಕಿ, ಪಾಸ್‌ವರ್ಡಿನ ಜೊತೆಗೆ ಮೊಬೈಲಿನಲ್ಲಿ ಬದಲಾಗುವ ಆರಂಕಿಯ ಸಂಖ್ಯೆಯನ್ನೂ ಕೇಳುವಂತೆ ಮಾಡಿಕೊಳ್ಳಬೇಕು. ಅದಾಗುವವರೆಗೆ ಯಾವ ತೋಟದ ಕಂಪ್ಯೂಟರನ್ನೂ ಇದಕ್ಕೆ ಜೋಡಿಸಬಾರದು.