ಶಬ್ಬಾತ್ ಮೇಣದಬತ್ತಿ: 72ರ ಪೆಟ್ಟಿಗೆಯೋ, ಎಣ್ಣೆಯ ಬಟ್ಟಲೋ?

ಜೆರುಸಲೇಮಿನ ಯಾವ ದಿನಸಿ ಅಂಗಡಿಗೆ ಹೋದರೂ ಶಬ್ಬಾತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಯಹೂದಿಗಳ ವಿಶ್ರಾಂತಿ ದಿನ) ಮೇಣದಬತ್ತಿಯ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಬಿಳಿಯ ಪ್ಯಾರಫಿನ್ ಬತ್ತಿಗಳು, ಪೆಟ್ಟಿಗೆಗೆ 72, ಒಂದೊಂದೂ ಸುಮಾರು ಮೂರು ಗಂಟೆ ಉರಿಯುವುದೆಂಬ ಭರವಸೆ. ವಾರಕ್ಕೆ ಎರಡರಂತೆ 36 ಶುಕ್ರವಾರಗಳಿಗೆ ಸಾಕು; ಹಬ್ಬದ ಸಂಜೆಗಳೂ ಸೇರಿದರೆ ಅದಕ್ಕಿಂತ ಬೇಗ ಮುಗಿಯುತ್ತದೆ. ನಮ್ಮ ಕರಾವಳಿಯಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಇಸ್ರೇಲಿಗೆ ಬಂದಿರುವ ಅನೇಕರಂತೆ ನಾನೂ ಒಂದು ಯಹೂದಿ ಮನೆಯಲ್ಲಿದ್ದೇನೆ. ಈ ಪೆಟ್ಟಿಗೆಯನ್ನು ತರುವುದು, ಶುಕ್ರವಾರ ಮಧ್ಯಾಹ್ನ ಬೆಳ್ಳಿಯ ಕಂಬಗಳಲ್ಲಿ ಬತ್ತಿ ನಿಲ್ಲಿಸುವುದು ನನ್ನ ಪಾಲಿನ ಕೆಲಸ. ಹಚ್ಚುವವರು ಮನೆಯ ಅಜ್ಜಿ. ಹೊಸದಾಗಿ ಕೆಲಸಕ್ಕೆ ಸೇರಿದ ಕನ್ನಡಿಗರು ಯಾವುದನ್ನು ಕೊಳ್ಳಬೇಕೆಂದು ಆಗಾಗ ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಈ ಬತ್ತಿಯ ಗುಣಾವಗುಣಗಳನ್ನು ಅಳೆಯಬೇಕಾದರೆ ಆಚರಣೆಯನ್ನು ತಿಳಿದಿರಬೇಕು. ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ದೀಪ ಹಚ್ಚುವುದು ರೂಢಿ. ಆದರೆ ಜೆರುಸಲೇಮಿನಲ್ಲಿ 40 ನಿಮಿಷ ಮೊದಲೇ ಸೈರನ್ ಮೊಳಗುತ್ತದೆ. ನಮ್ಮ ಅಜ್ಜಿ ಎರಡೂ ಬತ್ತಿಗಳನ್ನು ಹಚ್ಚಿ, ಕಡ್ಡಿಯನ್ನು ಊದಿ ಆರಿಸದೆ ತಟ್ಟೆಯ ಮೇಲೆ ಹಾಗೆಯೇ ಬಿಡುತ್ತಾರೆ, ಅದು ತಾನಾಗಿ ಉರಿದು ಆರಬೇಕು. ಬಳಿಕ ಬೆಳಕನ್ನು ಬರಮಾಡಿಕೊಳ್ಳುವಂತೆ ಮೂರು ಸಲ ಕೈಗಳನ್ನು ತಮ್ಮತ್ತ ಎಳೆದುಕೊಂಡು, ಕಣ್ಣು ಮುಚ್ಚಿ ಆಶೀರ್ವಚನ ಹೇಳುತ್ತಾರೆ. ಸಾಧಾರಣವಾಗಿ ಮಂತ್ರ ಮೊದಲು, ಕ್ರಿಯೆ ಆಮೇಲೆ. ಆದರೆ ಇಲ್ಲಿ ಆಶೀರ್ವಚನ ಹೇಳಿದೊಡನೆ ಆಕೆಯ ಮಟ್ಟಿಗೆ ಶಬ್ಬಾತ್ ಆರಂಭವಾಗುವುದರಿಂದ, ಶಬ್ಬಾತ್‌ನಲ್ಲಿ ಬೆಂಕಿ ಹೊತ್ತಿಸುವಂತಿಲ್ಲದ್ದರಿಂದ, ಮೊದಲು ಹಚ್ಚಿ, ಕಣ್ಣು ಮುಚ್ಚಿ ಹೇಳಿ, ಕಣ್ಣು ತೆರೆದಾಗಲೇ ಆ ಬೆಳಕನ್ನು ಕಂಡಂತೆ ನಡೆದುಕೊಳ್ಳುತ್ತಾರೆ. ಸ್ಪೇನ್ ಮೂಲದ ಪರಂಪರೆಯ ಸೆಫಾರ್ದಿ ಯಹೂದಿಗಳ ಮನೆಗಳಲ್ಲಿ ಅನೇಕರು ಮೊದಲು ಆಶೀರ್ವಚನ ಹೇಳಿಯೇ ಹಚ್ಚುವುದುಂಟು. ಮುಚ್ಚಿದ ಕೈಗಳ ಹಿಂದೆ ಅಜ್ಜಿ ಮಕ್ಕಳು ಮೊಮ್ಮಕ್ಕಳ ಹೆಸರುಗಳನ್ನು ಪಿಸುಗುಟ್ಟುತ್ತಾರೆ, ಆ ಪಟ್ಟಿ ದೊಡ್ಡದು.

ಎರಡು ಬತ್ತಿಗಳಿಗೆ ಕಾರಣವುಂಟು: ಹತ್ತು ಆಜ್ಞೆಗಳಲ್ಲಿ ಶಬ್ಬಾತನ್ನು ‘ನೆನೆ’ ಎಂದು ಬೈಬಲಿನ ವಿಮೋಚನಕಾಂಡವೂ ‘ಪಾಲಿಸು’ ಎಂದು ಧರ್ಮೋಪದೇಶಕಾಂಡವೂ ಹೇಳುತ್ತವೆ. ಆದರೆ ಯಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ಮುಂದಿಡುವ ಕಾರಣ ಇನ್ನೂ ನೆಲಕ್ಕೆ ಹತ್ತಿರವಾದದ್ದು, ಅದು ಗೃಹಶಾಂತಿ. ಕತ್ತಲೆಯಲ್ಲಿ ಎಡವುತ್ತ, ಪರಸ್ಪರರ ಮುಖ ಕಾಣದೆ ಉಣ್ಣುವ ಮನೆಯಲ್ಲಿ ನೆಮ್ಮದಿ ಇರದು. ಕೈಯಲ್ಲಿ ಒಂದೇ ದೀಪಕ್ಕಾಗುವಷ್ಟು ಹಣವಿದ್ದರೆ ಹನುಕ್ಕಾ ಹಬ್ಬದ ದೀಪಕ್ಕಿಂತ ಶಬ್ಬಾತ್ ದೀಪವೇ ಮೊದಲೆಂದು ಅಲ್ಲಿ ನಿರ್ಣಯವಾಗಿದೆ. ಉಣ್ಣಲಿಲ್ಲದವನೂ ಮನೆಮನೆ ಬೇಡಿಯಾದರೂ ಎಣ್ಣೆ ತಂದು ಹಚ್ಚಬೇಕೆಂದು ಮಧ್ಯಯುಗದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ವಿಧಿಸಿದ್ದಾನೆ. ಮನುಷ್ಯನ ಆತ್ಮವೇ ದೇವರ ದೀಪವೆಂಬ, ಬೈಬಲಿನ ಜ್ಞಾನೋಕ್ತಿಗಳ ಮಾತನ್ನೂ ಇದಕ್ಕೆ ಹೊಂದಿಸಿ ಹೇಳುವವರಿದ್ದಾರೆ, ನನಗೆ ಮಾತ್ರ ಊಟದ ಮೇಜಿಗೆ ಸಂಬಂಧಿಸಿದ ವಿವರಣೆಯೇ ಹೆಚ್ಚು ನಾಟಿತು.

ನಮ್ಮೂರಿನ ದೀಪಕ್ಕೆ ಆಗಾಗ ಬತ್ತಿ ಮುಂದೂಡುತ್ತೇವೆ, ಎಣ್ಣೆ ಎರೆಯುತ್ತೇವೆ. ಇಲ್ಲಿ ಹಚ್ಚಿದ ಮೇಲೆ ಶನಿವಾರ ರಾತ್ರಿಯವರೆಗೆ ಕಂಬವನ್ನು ಕದಲಿಸುವಂತೆಯೂ ಇಲ್ಲ. ಆದ್ದರಿಂದಲೇ ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಯಹೂದಿ ನಿಯಮಸಂಗ್ರಹ ಮಿಶ್ನಾ ಯಾವ ಎಣ್ಣೆ, ಯಾವ ಬತ್ತಿ ಸಲ್ಲುತ್ತದೆಂಬ ಚರ್ಚೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ: ಬತ್ತಿಗೆ ಸರಿಯಾಗಿ ಏರದ ಎಣ್ಣೆಯನ್ನು ಕಂಡು ಯಾರಾದರೂ ಮರೆತು ದೀಪವನ್ನು ಓರೆ ಮಾಡಿಯಾರು ಎಂಬ ಭಯ. ಅದರಲ್ಲಿ ರಬ್ಬಿ (ಯಹೂದಿ ಧರ್ಮಗುರು) ತರ್ಫೋನ್ ಆಲಿವ್ ಎಣ್ಣೆಯ ಹೊರತು ಬೇರೆಯದನ್ನು ಒಪ್ಪಲೇ ಇಲ್ಲ. ಕೈಬಿಟ್ಟ ಮೇಲೂ ತಾನಾಗಿ ನೆಟ್ಟಗೆ ಉರಿಯಬೇಕು, ಕೊಳ್ಳುವಾಗ ನೋಡಬೇಕಾದದ್ದು ಇದೊಂದೇ.

ಈ ಪರೀಕ್ಷೆಯಲ್ಲಿ 72ರ ಪೆಟ್ಟಿಗೆಗೆ ನಾನು ಕೊಡುವುದು ಜಸ್ಟ್ ಪಾಸ್. ಮೊದಲ ದೋಷ ಬುಡದ್ದು. ಹಳೆಯ ಬೆಳ್ಳಿಯ ಕಂಬಗಳ ಕುಳಿಗೆ ಬತ್ತಿ ಸಡಿಲವಾಗುತ್ತದೆ. ಬುಡವನ್ನು ಕರಗಿಸಿ ಒತ್ತಿ ಹಿಡಿಯದಿದ್ದರೆ ಓರೆಯಾಗಿ, ಮೇಣ ಒಂದೇ ಕಡೆ ಹರಿದು, ಬತ್ತಿ ಬೇಗ ಸವೆಯುತ್ತದೆ. ಮೇಜುಬಟ್ಟೆಗೆ ಬಿದ್ದ ಮೇಣವನ್ನು ಕೆರೆಯಲು ಮರುದಿನ ರಾತ್ರಿಯವರೆಗೆ ಕಾಯಬೇಕು. ಪೆಟ್ಟಿಗೆಯ ತಳದ ಸಾಲಿನಲ್ಲಿ ಮುರಿದವೂ ಸಿಗುತ್ತವೆ. ಇವೆಲ್ಲಕ್ಕಿಂತ ದೊಡ್ಡ ತೊಂದರೆ ಸಮಯದ್ದು. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳೂಮುಕ್ಕಾಲಿನ ಸುಮಾರಿಗೆ. ನಲವತ್ತು ನಿಮಿಷ ಮೊದಲೇ ಹಚ್ಚಿದ ಬತ್ತಿ, ಗಂಡಸರು ಪ್ರಾರ್ಥನಾಮಂದಿರವಾದ ಸಿನಗಾಗಿನಿಂದ ಮರಳಿ ಊಟಕ್ಕೆ ಕುಳಿತಾಗಲೇ ಅರ್ಧಕ್ಕೆ ಇಳಿದಿರುತ್ತದೆ, ಹಾಡುಗಳು ಶುರುವಾಗುವ ಹೊತ್ತಿಗೆ ಬುಡ ಸೇರಿರುತ್ತದೆ. ಊಟಕ್ಕೆ ಬೆಳಕಾಗಲೆಂದೇ ಹಚ್ಚಿದ ದೀಪ ಊಟದ ನಡುವೆ ಆರಿದರೆ ಮತ್ತೆ ಹಚ್ಚೆಂದು ಅಜ್ಜಿ ನನಗೂ ಹೇಳುವಂತಿಲ್ಲ. ಯಹೂದ್ಯನಲ್ಲದವನು ತನಗಾಗಿ ಹಚ್ಚಿಕೊಂಡ ದೀಪದ ಬೆಳಕನ್ನು ಅವರು ಬಳಸಬಹುದು, ಅವರಿಗಾಗಿ ಹಚ್ಚಿದ್ದಾದರೆ ಬಳಸಬಾರದು. ಇದೂ ಮಿಶ್ನಾದಲ್ಲೇ ಇದೆ.

ಪೂರ್ವಸಿದ್ಧ ಆಲಿವ್ ಎಣ್ಣೆಯ ಗಾಜಿನ ಬಟ್ಟಲುಗಳು ಬೆಲೆಯಲ್ಲಿ ಹೆಚ್ಚು, ಆದರೆ ನಾಲ್ಕೈದು ಗಂಟೆ ಉರಿಯುವಂಥವು ಸಿಗುತ್ತವೆ. ಜ್ವಾಲೆ ಚಿಕ್ಕದಾದರೂ ನಿಶ್ಚಲ, ಹನಿಯುವ ಗೊಡವೆಯಿಲ್ಲ. ಕೈ ನಡುಗುವ ಹಿರಿಯರಿಗೆ ಅಗಲ ಬಾಯಿಯ ಬಟ್ಟಲೇ ಅನುಕೂಲ. ಬತ್ತಿಯ ತುದಿಗೆ ಎಣ್ಣೆ ಹತ್ತಿದೆಯೇ ಎಂದು ಹಚ್ಚುವ ಮೊದಲು ನೋಡಿಕೊಳ್ಳಬೇಕು, ಅಷ್ಟೇ. ಬೇಸಿಗೆಗೆ ಇದನ್ನೇ ಕೊಳ್ಳಿ. ಸಂಜೆ ನಾಲ್ಕರ ಸುಮಾರಿಗೇ ಹಚ್ಚಿ ಬೇಗ ಉಣ್ಣುವ ಡಿಸೆಂಬರ್ ವಾರಗಳಿಗೆ ಪೆಟ್ಟಿಗೆಯ ಬತ್ತಿ ಸಾಕು. ಹಿರಿಯರಿಗೆ ಆಮ್ಲಜನಕದ ನಳಿಕೆ ಇದ್ದರೆ ಎರಡನ್ನೂ ಬಿಟ್ಟು, ಆಸ್ಪತ್ರೆಗಳಲ್ಲಿ ಬಳಸುವಂತೆ ವಿದ್ಯುತ್ ದೀಪ ಆದೀತೇ ಎಂದು ಮನೆಯವರ ಮೂಲಕ ರಬ್ಬಿಯನ್ನು ಕೇಳಿಸಿ.