ಅತಿಥಿಗಳಿಗೆ ಅರ್ಧ ದಿನ: ದುರ್ಗದ ಕೋಟೆಯೋ, ಸಂತೇಬೆನ್ನೂರೋ? ಬೆಣ್ಣೆ ದೋಸೆಯೋ, ಮಂಡಕ್ಕಿಯೋ?

ಎರಡು ದಿನದ ವಿಚಾರ ಸಂಕಿರಣ ಮುಗಿದ ಮೇಲೆ ಹೊರಗಿನಿಂದ ಬಂದವರ ಕೈಯಲ್ಲಿ ಉಳಿಯುವುದು ಅರ್ಧ ದಿನ. ಹೆಚ್ಚಿನವರಿಗೆ ರಾತ್ರಿ ರೈಲಿಗೆ ಟಿಕೆಟ್ ಆಗಿರುತ್ತದೆ. ಅಷ್ಟರಲ್ಲಿ ಎಲ್ಲಿಗೆ ಕರೆದುಕೊಂಡು ಹೋಗುವುದು, ಏನು ತಿನ್ನಿಸುವುದು? ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಮೂರು ಸಲ ಈ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಲ ಚಿತ್ರದುರ್ಗಕ್ಕೆ ಹೋದೆವು, ಒಂದು ಸಲ ಹರಿಹರ ನೋಡಿಕೊಂಡು ಪುಷ್ಕರಣಿಯ ಊರು ಸಂತೇಬೆನ್ನೂರಿಗೆ.

ಮೊದಲ ಸಲ ದುರ್ಗಕ್ಕೆ ಹೋಗಿದ್ದು ಮಾರ್ಚ್‌ನಲ್ಲಿ. ತಿಂಡಿ, ಮಾತು, ಫೋಟೋ ಎಲ್ಲ ಮುಗಿಸಿ ಹೊರಟಾಗ ಹತ್ತು ಗಂಟೆ. ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಕೋಟೆ ಬಾಗಿಲಲ್ಲಿ ಇಳಿದಾಗ ಬಂಡೆಗಳು ಆಗಲೇ ಕಾದಿದ್ದವು. ಓಬವ್ವನ ಕಿಂಡಿ ತಲುಪುವಷ್ಟರಲ್ಲಿ ಕೇರಳದಿಂದ ಬಂದಿದ್ದ ಹಿರಿಯ ಮೇಡಂ ನೆರಳು ಹುಡುಕಿ ಕೂತುಬಿಟ್ಟರು. ತಂದಿದ್ದ ನೀರೂ ಖಾಲಿ. ಅರ್ಧ ಕೋಟೆ ನೋಡಿ ವಾಪಸ್ ಬಂದೆವು. ತಪ್ಪು ನನ್ನದೇ. ಬಯಲುಸೀಮೆಯ ಬಿಸಿಲು ಗೊತ್ತಿರುವವಳು ಹತ್ತು ಗಂಟೆಗೆ ಹೊರಡಬಾರದಿತ್ತು.

ಮುಂದಿನ ಸಲ ನವೆಂಬರ್. ಐದೂವರೆಗೇ ಗಾಡಿ ಹತ್ತಿಸಿದೆ. ಏಳಕ್ಕೆ ಮೊದಲೇ ಒಳಗಿದ್ದೆವು. ಅದೇ ಕೋಟೆ, ಆದರೆ ಬೇರೆಯೇ ಅನುಭವ. ತಂಪು ಗಾಳಿ, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು, ನಮ್ಮನ್ನು ಬಿಟ್ಟರೆ ನಾಲ್ಕೇ ಜನ. ಏಳು ಸುತ್ತಿನ ಗೋಡೆಗಳ ಬಾಗಿಲು ಯಾಕೆ ನೇರವಾಗಿಲ್ಲ, ಪ್ರತಿ ತಿರುವಿನಲ್ಲೂ ಶತ್ರು ಹೇಗೆ ಸಿಕ್ಕಿಬೀಳುತ್ತಿದ್ದ ಎಂದು ಗೈಡ್ ನಿಂತು ನಿಂತು ಹೇಳಿದರು. ಗೈಡ್ ಬೇಕೇ ಬೇಕು. ಇಲ್ಲದಿದ್ದರೆ ಓಬವ್ವನ ಕಿಂಡಿ ಸುಮ್ನೆ ಒಂದು ಬಂಡೆಸಂದಿ. ನೀರಿಗೆ ಬಂದ ಹೆಣ್ಣುಮಗಳು ಆ ಸಂದಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಹೊಡೆದ ಕಥೆ ಕೇಳಿದ ಮೇಲೆ ಶ್ರೀಲಂಕಾದ ಯುವ ಸಂಶೋಧಕಿ ತಾನೇ ಆ ಕಿಂಡಿಯಲ್ಲಿ ಬಗ್ಗಿ ನುಸುಳಿ ಬಂದಳು. ಕೊನೆಗೆ 1779ರಲ್ಲಿ ಕೋಟೆ ಹೈದರಾಲಿಗೆ ಸೋತಿತು, ಮದಕರಿ ನಾಯಕ ಸೆರೆಯಾದ ಎಂದಾಗ ಅವಳ ಮುಖ ಸಪ್ಪಗಾಯಿತು.

ನನಗೆ ಈ ಕೋಟೆಯಲ್ಲಿ ಎಲ್ಲಕ್ಕಿಂತ ಇಷ್ಟ ಅಲ್ಲಿನ ನೀರಿನ ವ್ಯವಸ್ಥೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಊರೊಳಗಿನ ಸಂತೆ ಹೊಂಡಕ್ಕೆ. ಮಳೆ ಕಮ್ಮಿ ಬೀಳುವ ಊರಿನಲ್ಲಿ ಒಂದು ಹನಿಯನ್ನೂ ಬಿಡದೆ ಹಿಡಿದಿಟ್ಟ ರೀತಿ ಇದು. ಅತಿಥಿಗಳನ್ನು ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಹತ್ತು ನಿಮಿಷ ಕೂರಿಸಿ ಇದನ್ನು ಹೇಳಿ. ಯಾರೂ ಮರೆಯುವುದಿಲ್ಲ.

ಟಿಕೆಟ್ ವಿಷಯ ಒಂದು ಮಾತು. ವಿದೇಶಿಯರಿಗೆ ದರ ಜಾಸ್ತಿ, ಆದರೆ ಸಾರ್ಕ್ ದೇಶಗಳವರಿಗೆ ನಮ್ಮ ದರವೇ. ಪಾಸ್‌ಪೋರ್ಟ್ ಜೊತೆಗಿರಲಿ. ಚಂದ್ರವಳ್ಳಿಯ ಗುಹೆಗಳು ಹತ್ತಿರವೇ ಇವೆ, ಆದರೆ ಅರ್ಧ ದಿನದಲ್ಲಿ ಎರಡೂ ಆಗುವುದಿಲ್ಲ. ಕೋಟೆ ಹತ್ತಿ ದಣಿದವರನ್ನು ಕತ್ತಲೆ ಗುಹೆಗೆ ಇಳಿಸಬೇಡಿ.

ಇನ್ನು ಸಂತೇಬೆನ್ನೂರು. ಹೋಗುವ ಮೊದಲು ಹರಿಹರ ನೋಡಿದೆವು, ಅದು ದಾವಣಗೆರೆಗೆ ತೀರಾ ಹತ್ತಿರ. ಹೊಯ್ಸಳ ನರಸಿಂಹನ ಕಾಲದಲ್ಲಿ, 1224ರಲ್ಲಿ ಅವನ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿ. ಅರ್ಧ ಶಿವ, ಅರ್ಧ ವಿಷ್ಣು ಒಂದೇ ಮೂರ್ತಿಯಲ್ಲಿ. ಮುಕ್ಕಾಲು ಗಂಟೆ ಸಾಕು. ಅಲ್ಲಿಂದ ಚನ್ನಗಿರಿ ಕಡೆ ತಿರುಗಿದರೆ ದಾರಿಯೇ ಚೆಂದ. ಭದ್ರಾ ಕಾಲುವೆಯ ಗದ್ದೆಗಳು, ಆಮೇಲೆ ಅಡಿಕೆ ತೋಟಗಳು. ದುರ್ಗದ ದಾರಿಯಲ್ಲಿ ಈ ಹಸಿರು ಸಿಗುವುದಿಲ್ಲ.

ಸಂತೇಬೆನ್ನೂರಿನ ಪುಷ್ಕರಣಿ 16ನೇ ಶತಮಾನದ್ದು, ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನಡುನೀರಿನಲ್ಲಿ ವಸಂತ ಮಂಟಪ, ಸುತ್ತ ಕಲ್ಲಿನ ಮೆಟ್ಟಿಲು, ಪಕ್ಕದಲ್ಲೇ ಮುಸಾಫಿರ್ ಖಾನಾ, ಅಂದರೆ ಪ್ರಯಾಣಿಕರ ತಂಗುದಾಣ. ಹತ್ತುವುದಿಲ್ಲ, ಏದುಸಿರಿಲ್ಲ. ಮೆಟ್ಟಿಲ ಮೇಲೆ ಕೂತು ನೀರು ನೋಡಿದರೆ ಆಯಿತು. ಮಂಡಿನೋವಿನ ಹಿರಿಯರು ಬಹಳ ಖುಷಿಪಟ್ಟರು. ಆದರೆ ಹುಡುಗರು ಅರ್ಧ ಗಂಟೆಯಲ್ಲೇ "ಮುಂದೆ ಎಲ್ಲಿಗೆ, ಮೇಡಂ?" ಅಂದರು.

ಹಾಗಾಗಿ ನನ್ನ ತೀರ್ಮಾನ ಇದು. ಬೆಳಗಿನ ಜಾವ ಹೊರಡಲು ಎಲ್ಲರೂ ಒಪ್ಪಿದರೆ ದುರ್ಗ, ಎರಡನೇ ಮಾತೇ ಇಲ್ಲ. ಹೊರಡುವುದು ತಡವಾದರೆ, ಅಥವಾ ಬೇಸಿಗೆಯಾದರೆ, ಸಂತೇಬೆನ್ನೂರು.

ಈಗ ಊಟ-ತಿಂಡಿ. ದಾವಣಗೆರೆ ಅಂದರೆ ಬೆಣ್ಣೆ ದೋಸೆ ಅಂತ ಎಲ್ಲರೂ ಕೇಳಿಕೊಂಡೇ ಬರುತ್ತಾರೆ. ಕೊಡಿಸಲೇಬೇಕು. ಸೌದೆ ಒಲೆಯ ಕಾವಲಿಯ ಮುಂದೆಯೇ ನಿಲ್ಲಿಸಿ, ಬೆಣ್ಣೆ ಕರಗುವುದನ್ನು ನೋಡಲಿ. ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಅಷ್ಟೇ. ಕೇರಳದವರು ಸಾಂಬಾರ್ ಕೇಳಿದರು. ಇದಕ್ಕೆ ಸಾಂಬಾರ್ ಇಲ್ಲ ಎಂದು ಮೊದಲೇ ಹೇಳಿಬಿಡಿ. ಒಬ್ಬರಿಗೆ ಎರಡು ದೋಸೆ ಸಾಕು. ಮೂರನೆಯದನ್ನು ಬಲವಂತ ಮಾಡಿದರೆ ಗಾಡಿಯಲ್ಲಿ ಎಲ್ಲರೂ ನಿದ್ದೆ.

ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ ನನಗೆ ಪ್ರಾಣ. ಆದರೆ ಹೊರಗಿನವರು ರೊಟ್ಟಿ ಮುರಿಯಲು ಕಷ್ಟಪಟ್ಟರು. ಮಧ್ಯಾಹ್ನಕ್ಕೆ ಪುರುಸೊತ್ತಿದ್ದರೆ ಮಾತ್ರ.

ನಾನು ಎಣಿಸದೇ ಇದ್ದಿದ್ದು ಸಂಜೆಯ ಮಂಡಕ್ಕಿ-ಮಿರ್ಚಿ ಗೆದ್ದಿದ್ದು. ದೋಸೆಯನ್ನು ಎಲ್ಲರೂ ಅವರವರ ತಟ್ಟೆ ನೋಡಿಕೊಂಡು ತಿಂದರು. ಮಂಡಕ್ಕಿ ಗಾಡಿಯ ಮುಂದೆ ಒಂದೇ ಪೊಟ್ಟಣಕ್ಕೆ ನಾಲ್ಕು ಕೈ. ಎರಡು ದಿನ ಸಭೆಯಲ್ಲಿ ಪರಸ್ಪರ ಮಾತಾಡದಿದ್ದವರು ಅಲ್ಲಿ ಮಾತಾಡಿದರು. ಮಿರ್ಚಿಯನ್ನು ಮಾತ್ರ ಮೊದಲು ಅರ್ಧ ಮುರಿದು ಕೊಡಿ, ಖಾರ ಜಾಸ್ತಿ.

ಒಡಿಶಾದಿಂದ ಬಂದಿದ್ದ ಪ್ರೊಫೆಸರ್ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಇದು ನಮ್ಮ ಮುಢಿ ಅಲ್ವಾ!" ಅಂದರು. ಅವರ ಊರಲ್ಲೂ ಮನೆಮನೆಯ ತಿಂಡಿಯಂತೆ. ಹಾಗಾದರೆ ಹೇಗೆ ಮಾಡುತ್ತಾರೆ ನೋಡಲೇಬೇಕು ಎಂದು ಹಟ ಹಿಡಿದರು. ಮರುದಿನ ಬೆಳಿಗ್ಗೆ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದೆ. ಕಾದ ಮರಳಿಗೆ ಅಕ್ಕಿ ಬೀಳುತ್ತಲೇ ಅರಳುವುದನ್ನು ನೋಡುತ್ತಾ ಹೊಗೆಯಲ್ಲೇ ನಿಂತರು. "ಸರ್, ನಿನ್ನೆ ನೀವು ತಿಂದ ದೋಸೆಯ ಹಿಟ್ಟಿನಲ್ಲೂ ಇದೇ ಮಂಡಕ್ಕಿ ನೆನೆಸಿ ರುಬ್ಬಿರುತ್ತಾರೆ" ಎಂದೆ. ಅವರು ಒಂದು ಚೀಲ ಮಂಡಕ್ಕಿ ಕಟ್ಟಿಸಿಕೊಂಡು ರೈಲು ಹತ್ತಿದರು. ಮುಂದಿನ ಸಂಕಿರಣದ ಕಾರ್ಯಕ್ರಮ ಪಟ್ಟಿಯಲ್ಲಿ ಭಟ್ಟಿಗೆ ಒಂದು ಗಂಟೆ ಈಗಲೇ ಬರೆದಿಟ್ಟಿದ್ದೇನೆ.